ನನ್ನ ಎದೆಯ ಫೈಲು

ನನ್ನ ಎಡ ಎದೆಯ ವಿಷಯದಲ್ಲಿ ಮೂವರು ಗಂಡಸರು ಸಹಿ ಹಾಕಿದ್ದರು. ಮೊದಲನೆಯವರು ನನ್ನ ಗಂಡ, ಎರಡನೆಯವನು ನನ್ನ ಅಣ್ಣ, ಮೂರನೆಯವನು ಮೈದುನ. ಮೂವರೂ ಸಹಿಯ ಕೆಳಗೆ ತಾರೀಖು ಹಾಕಿದ್ದರು. ನನ್ನ ಸಹಿಗೆ ಆ ಹಾಳೆಯಲ್ಲಿ ಜಾಗವೇ ಇರಲಿಲ್ಲ.

ಅದು ನನ್ನ ಕಣ್ಣಿಗೆ ಬಿದ್ದದ್ದು ಆಪರೇಷನ್ ಆಗಿ ಆರನೆಯ ವಾರದಲ್ಲಿ. ಗ್ಯಾಸಿನವನು ಆಧಾರ್ ಕಾರ್ಡಿನ ಜೆರಾಕ್ಸ್ ಕೇಳಿದ್ದನೆಂದು ಬೆಳಿಗ್ಗೆ ಹತ್ತರ ಸುಮಾರಿಗೆ ಬೀರು ತೆಗೆದಿದ್ದೆ. ಎಡಗೈ ಇನ್ನೂ ಪೂರ್ತಿ ಮೇಲೇಳುತ್ತಿರಲಿಲ್ಲ, ಬಲಗೈಯಿಂದಲೇ ಮೇಲಿನ ಹಲಗೆ ತಡಕಾಡುತ್ತಿದ್ದೆ. ಕೈಗೆ ಸಿಕ್ಕಿದ್ದು ಒಂದು ರಟ್ಟಿನ ಫೈಲು. ಮೂಲೆಗೆ ತೂತು ಹೊಡೆದು ಟ್ಯಾಗು ಕಟ್ಟಿತ್ತು. ಮೇಲೆ ಗಂಡನ ದುಂಡು ಅಕ್ಷರದಲ್ಲಿ ಬರೆದಿತ್ತು: 'ವಿಷಯ: ಶ್ರೀಮತಿಯವರಿಗೆ ವಿಕಿರಣ ಚಿಕಿತ್ಸೆ ಕೊಡಿಸುವ ಕುರಿತು.'

ನಮ್ಮ ಮನೆ ಗೊತ್ತಿಲ್ಲದವರಿಗೆ ಇದು ವಿಚಿತ್ರ ಅನ್ನಿಸಬಹುದು. ನಮ್ಮದು ಬೀದರ ಕಡೆಯ ಮನೆತನ. ಅಜ್ಜನ ಕಾಲದಲ್ಲೇ ಸರಕಾರಿ ನೌಕರಿಗೆಂದು ಹೈದರಾಬಾದಿಗೆ ಬಂದು ಇಲ್ಲಿಯೇ ಉಳಿದವರು. ಹೊರಗೆ ತೆಲುಗು, ಹಿಂದಿ. ಒಳಗೆ ನಮ್ಮ ಕನ್ನಡ. ನನ್ನ ಗಂಡ ಮೂವತ್ತೈದು ವರ್ಷ ಸರಕಾರಿ ಕಚೇರಿಯಲ್ಲಿ ಕೂತು ಫೈಲು ನಡೆಸಿದವರು. ಅಲ್ಲಿ ಯಾವ ಕೆಲಸವೂ ಬಾಯಿಮಾತಿನಲ್ಲಿ ಆಗುವುದಿಲ್ಲ. ಕೆಳಗಿನವರು ಒಂದು ಟಿಪ್ಪಣಿ ಬರೆಯಬೇಕು, ಹಿನ್ನೆಲೆ, ಅನುಕೂಲ, ಅನನುಕೂಲ, ಕೊನೆಗೆ ಪ್ರಸ್ತಾವನೆ. ಅದು ಮೇಲಿನವರ ಬಳಿ ಹೋಗಬೇಕು. ಅವರು 'ಒಪ್ಪಿದೆ' ಎಂದು ಬರೆದರೆ ಮಾತ್ರ ಕೆಲಸ ಮುಂದಕ್ಕೆ. ನಿವೃತ್ತಿಯಾಗಿ ಮನೆಗೆ ಬಂದರೂ ಆ ಚಾಳಿ ಬಿಡಲಿಲ್ಲ. ಫ್ರಿಜ್ ಬದಲಿಸಲು ಟಿಪ್ಪಣಿ, ಮಾಳಿಗೆ ಸೋರಿದ್ದಕ್ಕೆ ಟಿಪ್ಪಣಿ, ಕಾಶಿಗೆ ಹೋಗುವುದಕ್ಕೂ ಟಿಪ್ಪಣಿ. ನಮಗೆ ಮಕ್ಕಳಿಲ್ಲ. ಹಾಗಾಗಿ ಟಿಪ್ಪಣಿಗಳು ಬೇಗಂಪೇಟೆಯಲ್ಲಿರುವ ನನ್ನ ಅಣ್ಣನಿಗೂ ಬಾಲಾನಗರದಲ್ಲಿರುವ ಮೈದುನನಿಗೂ ಹೋಗಿ ಬರುತ್ತಿದ್ದವು. ನಾನು ಎಷ್ಟೋ ವರ್ಷ ಇದನ್ನು ಹೇಳಿ ಹೇಳಿ ನಕ್ಕಿದ್ದೇನೆ. ನೆಂಟರ ಮದುವೆಗಳಲ್ಲಿ ಊಟಕ್ಕೆ ಕೂತಾಗ, "ನಮ್ಮ ಮನಿಯವರು ಉಪ್ಪಿನಕಾಯಿಗೂ ಆರ್ಡರ್ ತಗೋತಾರ" ಎಂದು ಗೇಲಿ ಮಾಡಿದ್ದೇನೆ.

ಅವತ್ತು ನಗು ಬರಲಿಲ್ಲ. ಬೀರುವಿನ ಬಾಗಿಲಿಗೆ ಒರಗಿ ನಿಂತೇ ಓದಿದೆ.

ಮೊದಲ ಪರಿಚ್ಛೇದ ಹಿನ್ನೆಲೆ. ಶ್ರೀಮತಿಯವರ ವಯಸ್ಸು ಅರವತ್ತಾರು, ಎಡ ಸ್ತನದಲ್ಲಿ ಸಣ್ಣ ಗಡ್ಡೆ, ಗಡ್ಡೆಯನ್ನಷ್ಟೇ ತೆಗೆಯಲಾಗಿದೆ, ಸ್ತನ ಉಳಿಸಲಾಗಿದೆ, ಪೆಥಾಲಜಿ ವರದಿ ಸಮಾಧಾನಕರ. ಎರಡನೆಯದು ಅನುಕೂಲಗಳು. ಅದು ಒಂದೇ ಸಾಲು: 'ರೋಗ ಅದೇ ಜಾಗದಲ್ಲಿ ಮರಳಿ ಬರುವುದು ಸ್ವಲ್ಪ ಕಡಿಮೆಯಾಗಬಹುದು ಎನ್ನುತ್ತಾರೆ.' ಮೂರನೆಯದು ಅನನುಕೂಲಗಳು. ಅವು ಒಂಬತ್ತು. ಹೃದಯಕ್ಕೆ ಅಪಾಯ, ಶ್ವಾಸಕೋಶಕ್ಕೆ ಅಪಾಯ, ಚರ್ಮ ಸುಡುವುದು, ಆಯಾಸ, ಕೈಗೆ ಬಾವು, ಪಕ್ಕೆಲುಬು ಸೂಕ್ಷ್ಮವಾಗುವುದು, ಮುಂದೆಂದೋ ಇನ್ನೊಂದು ಕ್ಯಾನ್ಸರ್, ಮೂರು ವಾರ ದಿನವೂ ಹೋಗಿಬರುವ ತ್ರಾಸು. ಒಂಬತ್ತನೆಯದು, 'ಗೃಹಕೃತ್ಯದ ವ್ಯವಸ್ಥೆಗೆ ಅಡಚಣೆ'.

ಗೃಹಕೃತ್ಯ ಅಂದರೆ ಅಡಿಗೆ. ನನ್ನ ಹೃದಯಕ್ಕೂ ಇವರ ಜೋಳದ ರೊಟ್ಟಿಗೂ ಒಂದೇ ಪಟ್ಟಿಯಲ್ಲಿ ಸಾಲು ಸಿಕ್ಕಿತ್ತು.

ಪ್ರಸ್ತಾವನೆ: ವಿಕಿರಣ ಬೇಡ, ಮಾತ್ರೆಗಳು ಸಾಕು. ಅದರ ಕೆಳಗೆ ಅಣ್ಣ 'ಒಪ್ಪಿದೆ' ಎಂದು ಬರೆದಿದ್ದ. ಮೈದುನ ಅಷ್ಟಕ್ಕೇ ಬಿಡುವವನಲ್ಲ. ಅವನು ಬಾಲಾನಗರದ ಕಾರ್ಖಾನೆಯಲ್ಲಿ ರಡಾರ್ ವಿಭಾಗದಲ್ಲಿ ಇದ್ದವನು, ವಿಕಿರಣದ ಬಗ್ಗೆ ತನಗೆ ಗೊತ್ತಿಲ್ಲದ್ದು ಯಾರಿಗೂ ಗೊತ್ತಿಲ್ಲ ಎಂಬ ಭಾವ. 'ರಡಾರ್ ಚಾಲೂ ಇದ್ದಾಗ ಅದರ ಎದುರು ನಿಲ್ಲಲು ನಾವು ಯಾರನ್ನೂ ಬಿಡುತ್ತಿರಲಿಲ್ಲ. ಹೃದಯದ ಮೇಲೆ ಬಿಡುವುದು ಹೇಗೆ? ಖಂಡಿತ ಬೇಡ' ಎಂದು ಬರೆದು ಸಹಿ ಮಾಡಿದ್ದ. ರಡಾರಿನ ತರಂಗವೇ ಬೇರೆ, ಕ್ಯಾನ್ಸರಿಗೆ ಬಿಡುವ ಕಿರಣವೇ ಬೇರೆ. ಪಿಯುಸಿ ಹುಡುಗರಿಗೂ ಗೊತ್ತಿರುವ ಸಂಗತಿ. 

ಇಲ್ಲಿ ನನ್ನ ಕೆಲಸದ ಬಗ್ಗೆ ಹೇಳಬೇಕು. ನಾನು ಜೀಡಿಮೆಟ್ಲಾದ ಒಂದು ಔಷಧ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಗುಣಮಟ್ಟದ ವಿಭಾಗದಲ್ಲಿ ದುಡಿದವಳು. ಮಾತ್ರೆ ತಯಾರಾದ ಮೇಲೆ ಪರೀಕ್ಷೆಯ ಕಾಗದಗಳೆಲ್ಲ ನನ್ನ ಮೇಜಿಗೆ ಬರುತ್ತಿದ್ದವು. ಒಂದೊಂದು ಅಂಕಿ ನೋಡಿ, ಸರಿಯಿದ್ದರೆ ಬಿಡುವುದು, ಇಲ್ಲದಿದ್ದರೆ ತಡೆಯುವುದು ನನ್ನ ಕೆಲಸ. ಒಮ್ಮೆ ಒಬ್ಬ ಹುಡುಗ ಏಳು ಪರೀಕ್ಷೆಯಲ್ಲಿ ತಪ್ಪಿದ ಒಂದನ್ನು ಹಾಳೆಯ ಅಡಿಯಲ್ಲಿ ಮಡಿಚಿ ಇಟ್ಟು, 'ಉಳಿದದ್ದೆಲ್ಲಾ ಚೆನ್ನಾಗಿದೆ ಮೇಡಂ' ಎಂದಿದ್ದ. ಮಾಲು ಲಾರಿಗೆ ಹತ್ತಿತ್ತು. ಇಳಿಸಿದೆ. ಮ್ಯಾನೇಜರು ಬಂದು ಕೂಗಾಡಿದರು, ನಾನೂ ಕೂಗಾಡಿದೆ. ಮೇಲಿನ ಹಾಳೆಯನ್ನು ಮಾತ್ರ ಓದಿ ಸಹಿ ಹಾಕುವವರನ್ನು ಕಂಡರೆ ನನಗೆ ಅಂದಿನಿಂದಲೂ ಆಗುವುದಿಲ್ಲ.

ಟಿಪ್ಪಣಿಯ ಅಡಿಯಲ್ಲಿ ಪೆಥಾಲಜಿ ವರದಿ ಇತ್ತು. ಟ್ಯಾಗು ಬಿಗಿಯಾಗಿತ್ತು, ಹಾಳೆಯ ಮಡಿಕೆ ಹೊಸದಾಗಿಯೇ ಇತ್ತು. ಅಣ್ಣನೂ ಮೈದುನನೂ ಅದನ್ನು ಮಗುಚಿ ನೋಡಿರಲಿಲ್ಲ ಎಂಬುದು ನೋಡಿದ ಕೂಡಲೇ ತಿಳಿಯುತ್ತಿತ್ತು. ನಾನು ಓದಿದೆ. ಗಡ್ಡೆ ಸಣ್ಣದು, ಹೌದು. ಕಂಕುಳಿನ ಗಂಟುಗಳಲ್ಲಿ ರೋಗ ಇಲ್ಲ, ಹೌದು. ಅದರ ಕೆಳಗೆ ಎರಡು ಸಾಲು. ಕತ್ತರಿಸಿದ ತುಂಡಿನ ಒಂದು ಅಂಚಿಗೆ ರೋಗದ ಕಣಗಳು ತೀರ ಹತ್ತಿರ ಬಂದಿವೆ. ಅಕ್ಕಪಕ್ಕದ ಸೂಕ್ಷ್ಮ ನಾಳಗಳ ಒಳಗೂ ಕಣಗಳು ಕಂಡಿವೆ. ಆ ಎರಡು ಸಾಲಿನ ಪಕ್ಕದಲ್ಲಿ ಪೆನ್ಸಿಲಿನಿಂದ ಸಣ್ಣ ಗುರುತು ಇತ್ತು. ಅದು ನನ್ನ ಗಂಡನ ಗುರುತು. ಅಂದರೆ ಅವರು ಓದಿದ್ದರು. ಓದಿಯೂ 'ಸಮಾಧಾನಕರ' ಎಂದು ಬರೆದಿದ್ದರು.

ಸಿಟ್ಟಿನ ಜೊತೆಗೆ ಇನ್ನೊಂದನ್ನೂ ಒಪ್ಪಿಕೊಳ್ಳುತ್ತೇನೆ. ಆ ವರದಿ ಮೊದಲು ಬಂದದ್ದು ನನ್ನ ಕೈಗೇ. ಲ್ಯಾಬಿನ ಕಿಟಕಿಯಲ್ಲಿ ಲಕೋಟೆ ತೆಗೆದುಕೊಂಡವಳು ನಾನು. ಊರವರ ಮಾತ್ರೆಯ ವರದಿಗಳನ್ನೆಲ್ಲ ಅಕ್ಷರ ಬಿಡದೆ ಓದಿದವಳು ನನ್ನದನ್ನು ತೆರೆಯದೆ ಗಂಡನ ಕೈಗೆ ಕೊಟ್ಟೆ. ಹೆದರಿಕೆ ಆಗಿತ್ತು. ಆಪರೇಷನ್ ಆಗಿ ಮೂರು ವಾರಕ್ಕೆ ರೇಡಿಯೇಷನ್ ಡಾಕ್ಟರರನ್ನು ಕಾಣಲು ಹೋದಾಗಲೂ ಹಾಗೆಯೇ. ಡಾಕ್ಟರು ನನ್ನನ್ನು ಪರೀಕ್ಷಿಸಿ ಹೊರಬಂದರು. ನಾನು ಪರದೆಯ ಹಿಂದೆ ಒಂದೇ ಕೈಯಿಂದ ಕುಪ್ಪಸದ ಗುಂಡಿ ಹಾಕಿಕೊಳ್ಳುತ್ತಿದ್ದೆ, ಅಷ್ಟರಲ್ಲಿ ಅವರು ಆಚೆ ಕೂತ ನನ್ನ ಗಂಡನಿಗೆ ಎಲ್ಲಾ ಹೇಳಿ ಮುಗಿಸಿದ್ದರು. ನಾನು ಸೆರಗು ಸರಿಮಾಡಿಕೊಂಡು ಬರುವ ಹೊತ್ತಿಗೆ ಇವರು ಎದ್ದು ನಿಂತಿದ್ದರು.

"ಏನಂದ್ರು?" ಎಂದು ಕೇಳಿದ್ದೆ.

"ಎಲ್ಲಾ ಹೇಳ್ಯಾರ. ಮನಿಗೆ ಹೋಗಿ ವಿಚಾರ ಮಾಡೂಣಂತ. ನೀ ತಲಿ ಕೆಡಿಸ್ಕೋಬ್ಯಾಡ."

ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಅದೇ ನನ್ನ ತಪ್ಪು. ಕೆಡಿಸಿಕೊಳ್ಳಬೇಕಾಗಿತ್ತು.

ಫೈಲು ಹಿಡಿದು ಹೊರಗೆ ಬಂದೆ. ಇವರು ಪಡಸಾಲೆಯಲ್ಲಿ ಪೇಪರು ಹರಡಿಕೊಂಡು ಚುನಮುರಿ ತಿನ್ನುತ್ತಿದ್ದರು. ಫೈಲನ್ನು ತಟ್ಟೆಯ ಮೇಲೆಯೇ ಇಟ್ಟೆ.

"ಏನ್ರೀ ಇದು?"

ಅವರು ಕನ್ನಡಕ ಸರಿಮಾಡಿಕೊಂಡರು. "ನೋಟ್ ಐತಿ."

"ನೋಟ್ ಐತಿ ಅನ್ನೂದು ನನಗೂ ಕಾಣಾಕತ್ತೈತಿ. ನನ್ನ ಎದಿ ಮ್ಯಾಲ ನೋಟ್ ಬರದು, ಊರ ಮಂದಿ ಸಹಿ ಮಾಡಿಸಿ, ಬೀರುದಾಗ ಇಟ್ಟೀರಲ್ಲ. ನಾ ಸತ್ತೀನೇನು? ಇದೇ ಮನ್ಯಾಗ ರೊಟ್ಟಿ ಬಡಿಯಾಕತ್ತೀನಿ. ಒಂದ್ ಮಾತು ಕೇಳಾಕ ಬರ್ತಿದ್ದಿಲ್ಲೇನು?"

"ಊರ ಮಂದಿ ಅಲ್ಲ, ನಿಮ್ಮ ಅಣ್ಣ, ನನ್ನ ತಮ್ಮ. ನಿನ್ನ ಒಳ್ಳೇದಕ್ಕs ಮಾಡೀವಿ."

"ಒಳ್ಳೇದು? ಈ ಎರಡು ಸಾಲಿಗೆ ಪೆನ್ಸಿಲ್ ಮಾಡೀರಿ. ಮ್ಯಾಲಿನ ಹಾಳ್ಯಾಗ ಸಮಾಧಾನಕರ ಅಂತ ಬರದೀರಿ. ಯಾರಿಗ್ರೀ ಸಮಾಧಾನ?"

ಅವರು ಪೇಪರನ್ನು ನಾಲ್ಕು ಮಡಿಕೆ ಮಾಡಿದರು, ಮತ್ತೆ ಬಿಚ್ಚಿದರು. ನಾನು ಬಿಡಲಿಲ್ಲ. ಇಷ್ಟು ವರ್ಷದ ಸಂಸಾರದಲ್ಲಿ ಅಷ್ಟು ಜೋರಾಗಿ ನಾನು ಕೂಗಿದ್ದಿಲ್ಲ. ಪಕ್ಕದ ಮನೆಯ ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದವಳು ಒಳಗೆ ಹೋದದ್ದು ಕಿಟಕಿಯಿಂದ ಕಂಡಿತು. ಹೋಗಲಿ ಎಂದು ಇನ್ನೂ ಜೋರಾಗಿ ಕೇಳಿದೆ.

"ಡಾಕ್ಟರ್ ಏನಂದ್ರು? ಕರೇ ಹೇಳ್ರಿ."

"ಕರೆಂಟು ಕೊಡಿಸ್ರಿ ಅಂದ್ರು." ನಮ್ಮ ಕಡೆ ರೇಡಿಯೇಷನ್ನಿಗೆ ಎಲ್ಲರೂ ಹಾಗೆಯೇ ಅನ್ನುತ್ತಾರೆ. "ವಯಸ್ಸು ನೋಡಿದ್ರ ಮಾತ್ರಿ ಸಾಕು ಅನಬಹುದಿತ್ತು, ಆದ್ರ ರಿಪೋರ್ಟಿನ್ಯಾಗ ಇಂಥಿಂಥಾದ್ದು ಐತಿ, ಅದಕ್ಕ ಕೊಡೂದು ಚಲೋ ಅಂದ್ರು. ನಿನ್ನ ಕರಕೊಂಡು ವಾರದಾಗ ಬರ್ರಿ ಅಂದಿದ್ರು."

"ವಾರದಾಗ. ಮೂರು ವಾರ ಆತು."

"ಫೈಲು ನಿಮ್ಮ ಅಣ್ಣನ ಹತ್ರ ಎಂಟು ದಿನ ಇತ್ತು," ಎಂದರು. ಅದನ್ನು ಒಂದು ಕಾರಣವೆಂಬಂತೆ ಹೇಳಿದರು.

ಆಮೇಲೆ ಅವರ ಧ್ವನಿ ಬದಲಾಯಿತು. ತಟ್ಟೆಯನ್ನು ದೂರ ಸರಿಸಿ, ನನ್ನ ಮುಖ ನೋಡದೆ ಹೇಳಿದರು.

"ನಮ್ಮ ಅವ್ವಗ ಕೊಟ್ಟಿದ್ರು. ಆಗ ನನಗ ಇಪ್ಪತ್ತು. ಮನ್ಯಾಗ ಹೆಣ್ಮಕ್ಕಳಿದ್ದಿಲ್ಲ. ಬಟ್ಟಿ ಬದಲಿ ಮಾಡವ ನಾನs. ಎದಿ ಪೂರಾ ಕರ್ರಗ ಆಗಿತ್ತು. ಬಟ್ಟಿ ತಗದ್ರ ತೊಗಲು ಬರ್ತಿತ್ತು. ಅಕಿ ನನ್ನ ಮುಂದ ಎದಿ ಮುಚ್ಚಿಕೊಳ್ಳಾಕ ನೋಡಾಕಿ, ಆಗ್ತಿದ್ದಿಲ್ಲ. ನಿನಗ ಹಂಗ ಆಗೂದು ನಾ ನೋಡಾಕ ಒಲ್ಲೆ."

ನನ್ನ ಅತ್ತೆ ನಾನು ಈ ಮನೆಗೆ ಬರುವ ಮೊದಲೇ ತೀರಿಕೊಂಡಿದ್ದರು. ಕ್ಯಾನ್ಸರ್ ಎಂದು ಗೊತ್ತಿತ್ತು. ಇಷ್ಟು ಗೊತ್ತಿರಲಿಲ್ಲ. ಒಬ್ಬ ಮನುಷ್ಯ ನಲವತ್ತು ವರ್ಷ ಪಕ್ಕದಲ್ಲಿ ಮಲಗಿ ಇದನ್ನು ಹೇಳದೆ ಇರಬಲ್ಲ ಎಂದು ಅವತ್ತು ತಿಳಿಯಿತು. ಆದರೆ ಸಿಟ್ಟು ಇಳಿಯಲಿಲ್ಲ. ಅಳು ಬರುವ ಹೊತ್ತಿಗೆ ಆ ಒಂಬತ್ತನೆಯ ಸಾಲು ನೆನಪಾಯಿತು, ಅಳು ಅಲ್ಲಿಯೇ ನಿಂತಿತು.

"ಇದನ್ನ ಬರೀಬೇಕಿತ್ತು," ಅಂದೆ. "ನನಗ ಅಂಜಿಕಿ ಐತಿ ಅಂತ ಒಂದು ಸಾಲು ಬರೀಬೇಕಿತ್ತು. ಅದು ಬಿಟ್ಟು ನನ್ನ ರಿಪೋರ್ಟ್ ಚಲೋ ಐತಿ ಅಂತ ಬರದೀರಿ. ನಿಮ್ಮ ಅವ್ವನ ಎದಿ ಬ್ಯಾರೆ, ನನ್ನ ಎದಿ ಬ್ಯಾರೆ."

ಮಧ್ಯಾಹ್ನ ಅಣ್ಣನಿಗೆ ಫೋನು ಮಾಡಿದೆ. ಅವನು ನನಗಿಂತ ಆರು ವರ್ಷ ದೊಡ್ಡವನು, ಅಪ್ಪ ಹೋದ ಮೇಲೆ ಮನೆಗೆ ಹಿರಿಯ.

"ಅಣ್ಣಾ, ನನ್ನ ಫೈಲಿನ ಎರಡನೇ ಹಾಳಿ ಓದಿಯೇನು?"

"ಯಾವ ಎರಡನೇ ಹಾಳಿ? ನಿನ್ನ ಗಂಡ ಎಲ್ಲಾ ಚಂದ ಬರದಿದ್ದ. ಓದಿದೆ, ಸಹಿ ಮಾಡಿದೆ. ಮತ್ತೇನ್ ಬೇಕು ತಂಗಿ?"

"ಅಡಿಗಿನ ಹಾಳಿ ತಿರುವಿ ನೋಡಬೇಕಿತ್ತು. ನನ್ನ ರಿಪೋರ್ಟ್ ಅಲ್ಲಿತ್ತು."

"ಅದೆಲ್ಲಾ ಡಾಕ್ಟರ್ ಭಾಷಾ, ನಮಗೇನ್ ತಿಳೀತೈತಿ? ಹಿಂಗ್ಯಾಕ ಸಿಟ್ಟಿಗೇಳತಿ, ನಾವೆಲ್ಲಾ ನಿನ್ನ ಮ್ಯಾಲಿನ ಪ್ರೀತಿಗೇ…"

"ಪ್ರೀತಿ ಇದ್ರ ಹಾಳಿ ತಿರುವ್ತಿದ್ದಿ" ಎಂದು ಫೋನು ಇಟ್ಟೆ. ಅಣ್ಣನಿಗೆ ನಾನು ಹಾಗೆ ಅಂದದ್ದು ಅದೇ ಮೊದಲು. ಅವನು ಕೆಟ್ಟವನಲ್ಲ. ನನ್ನ ಆಪರೇಷನ್ ದಿನ ಬೆಳಗಿನಿಂದ ಸಂಜೆವರೆಗೆ ಆಸ್ಪತ್ರೆಯ ಮೆಟ್ಟಿಲ ಮೇಲೆ ನೀರೂ ಕುಡಿಯದೆ ಕೂತವನು. ಎರಡನೆಯ ಹಾಳೆ ತಿರುವುವುದಕ್ಕೆ ಮಾತ್ರ ಅವನ ಕೈ ಬರಲಿಲ್ಲ. ನನಗೆ ಅದೇ ಹೆಚ್ಚು ಉರಿಯಿತು.

ಮರುದಿನ ಒಬ್ಬಳೇ ಆಸ್ಪತ್ರೆಗೆ ಹೋದೆ. ಇವರು ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. "ಬ್ಯಾಡ್ರಿ" ಎಂದೆ. ಚಪ್ಪಲಿ ಕಳಚಿ ಒಳಗೆ ಹೋದರು.

ಡಾಕ್ಟರು ನಲವತ್ತರ ಒಳಗಿನ ಹೆಣ್ಣುಮಗಳು, ತೆಲುಗಿನವಳು. "ಕೂರ್ಚೋಂಡಿ ಅಮ್ಮಾ" ಎಂದು ಕುರ್ಚಿ ತೋರಿಸಿ, ನನ್ನ ಹಿಂದೆ ಬಾಗಿಲ ಕಡೆ ನೋಡಿದಳು. "ನಿಮ್ಮ ಜೊತೆ ಯಾರೂ ಬಂದಿಲ್ಲವೇ?"

"ನಾನು ಬಂದಿದ್ದೇನೆ" ಎಂದೆ. ತೆಲುಗಿನಲ್ಲಿ ಜಗಳವಾಡುವುದು ನನಗೆ ಚೆನ್ನಾಗಿ ಬರುತ್ತದೆ, ಕಾರ್ಖಾನೆಯಲ್ಲಿ ಕಲಿತದ್ದು. "ಹೋದ ಸಲ ನೀವು ಎದೆ ನೋಡಿದ್ದು ನನ್ನದು, ಮಾತು ಹೇಳಿದ್ದು ನನ್ನ ಗಂಡನಿಗೆ. ಗುಂಡಿ ಹಾಕಿಕೊಂಡು ಬರಲು ನನಗೆ ಎರಡು ನಿಮಿಷ ಬೇಕಿತ್ತು. ಅಷ್ಟು ಕಾಯಲು ನಿಮಗೆ ಏನಾಗಿತ್ತು?"

ಅವಳು ತಬ್ಬಿಬ್ಬಾದಳು. ಹೊರಗೆ ಅರವತ್ತು ಜನ ಕೂತಿದ್ದಾರೆ, ಹೆಚ್ಚಿನ ಮನೆಯವರು ರೋಗಿಗೆ ಹೇಳಬೇಡಿ ಎಂದು ಮೊದಲೇ ಕೈಮುಗಿಯುತ್ತಾರೆ, ಹಾಗಾಗಿ ರೂಢಿಯಾಗಿಬಿಟ್ಟಿದೆ ಎಂದಳು. ಆಮೇಲೆ, "ತಪ್ಪು ನನ್ನದೇ" ಎಂದೂ ಅಂದಳು. ಅಷ್ಟು ಹೇಳಿದ್ದಕ್ಕೆ ನಾನು ಕೂತೆ. ಇಲ್ಲದಿದ್ದರೆ ಎದ್ದು ಬೇರೆ ಆಸ್ಪತ್ರೆಗೆ ಹೋಗುತ್ತಿದ್ದೆ.

ಅವಳು ಒಂದು ಖಾಲಿ ಹಾಳೆ ತೆಗೆದು, ನನ್ನಂಥದೇ ವಯಸ್ಸಿನ, ನನ್ನಂಥದೇ ವರದಿಯ ಹೆಂಗಸರೆಂದು ಸಣ್ಣ ಸಣ್ಣ ಸೊನ್ನೆಗಳನ್ನು ಬರೆದಳು. ರೇಡಿಯೇಷನ್ ಕೊಡದಿದ್ದರೆ ಎಷ್ಟು ಜನರಿಗೆ ಅದೇ ಎದೆಯಲ್ಲಿ ರೋಗ ಮರಳಬಹುದು ಎಂದು ಕೆಲವು ಸೊನ್ನೆಗಳನ್ನು ತುಂಬಿದಳು. ಕೊಟ್ಟರೆ ಎಷ್ಟು ಎಂದು ಇನ್ನೊಂದು ಸಾಲು ಬರೆದು ತುಂಬಿದಳು. ಆ ಅಂಕಿಗಳನ್ನು ಇಲ್ಲಿ ಬರೆಯುವುದಿಲ್ಲ. ಅವು ನನ್ನ ಗಡ್ಡೆಯ ಅಂಕಿಗಳು, ಇನ್ನೊಬ್ಬಳು ಅವನ್ನು ಎರವಲು ತೆಗೆದುಕೊಂಡು ಕೂರಬಾರದು. ಎರಡು ಸಾಲಿನ ನಡುವೆ ವ್ಯತ್ಯಾಸ ಕಣ್ಣಿಗೆ ಕಾಣುವಷ್ಟಿತ್ತು ಎಂದು ಮಾತ್ರ ಹೇಳುತ್ತೇನೆ.

"ಹಾಗಾದರೆ ಕೊಟ್ಟರೆ ಹೆಚ್ಚು ಕಾಲ ಬದುಕುತ್ತೇನೆಯೇ?" ಎಂದು ಕೇಳಿದೆ.

"ಅದನ್ನು ಖಚಿತವಾಗಿ ಹೇಳಲಾರೆ. ನಿಮ್ಮ ವಯಸ್ಸಿನಲ್ಲಿ ಆಯುಷ್ಯದ ಲೆಕ್ಕದಲ್ಲಿ ದೊಡ್ಡ ಅಂತರ ಇರಲಿಕ್ಕಿಲ್ಲ. ಅಲ್ಲಿಯೇ ಮರಳಿ ಬರುವುದನ್ನು, ಮತ್ತೊಂದು ಆಪರೇಷನ್ನನ್ನು, ಪೂರ್ತಿ ಎದೆ ತೆಗೆಯುವುದನ್ನು ತಪ್ಪಿಸಬಹುದು. ಅದು ಲಾಭ."

"ಹೃದಯ?"

"ಎಡಗಡೆ ಆದ್ದರಿಂದ ಸ್ವಲ್ಪ ತಾಗುತ್ತದೆ. ನೀವು ದೀರ್ಘ ಉಸಿರು ಎಳೆದು ಹಿಡಿದರೆ ಹೃದಯ ಎದೆಗೂಡಿನಿಂದ ದೂರ ಸರಿಯುತ್ತದೆ. ಆ ಹೊತ್ತಿಗಷ್ಟೇ ಕಿರಣ ಬಿಡುತ್ತೇವೆ. ಅಪಾಯ ಕಡಿಮೆಯಾಗುತ್ತದೆ, ಸೊನ್ನೆಯಾಗುವುದಿಲ್ಲ."

ಸೊನ್ನೆಯಾಗುವುದಿಲ್ಲ ಎಂದಳಲ್ಲ, ಅಲ್ಲಿ ಅವಳ ಮೇಲೆ ನನಗೆ ನಂಬಿಕೆ ಬಂತು. ಮೂವತ್ತೊಂದು ವರ್ಷ ನಾನು ಕೇಳಲು ಬಯಸಿದ್ದು ಇಂಥ ಮಾತನ್ನೇ. ನನಗೆ ಬಿಪಿ ಇದೆ, ನನ್ನ ಅಪ್ಪ ಹೃದಯದ ಕಾಯಿಲೆಯಿಂದಲೇ ಹೋದವನು, ಅದನ್ನೂ ಹೇಳಿದೆ. ಅವಳು ಬರೆದುಕೊಂಡು, ಎಕೋ ಪರೀಕ್ಷೆ ಮಾಡಿಸಿಯೇ ಮುಂದುವರಿಯೋಣ ಎಂದಳು. ನನ್ನ ಅಪ್ಪನ ವಿಷಯ ಗಂಡನ ಟಿಪ್ಪಣಿಯಲ್ಲಿ ಇರಲೇ ಇಲ್ಲ. ಹೃದಯ ಹೃದಯ ಎಂದು ಎದೆ ಬಡಿದುಕೊಂಡವರು ಅಷ್ಟು ಮುಖ್ಯವಾದ ಸಂಗತಿಯನ್ನೇ ಬಿಟ್ಟಿದ್ದರು.

ತೀರ್ಮಾನವನ್ನು ಅಲ್ಲಿ ಹೇಳಲಿಲ್ಲ. ಎಕೋ ಮಾಡಿಸಿಕೊಂಡೆ, ಹೃದಯ ಸರಿಯಾಗಿತ್ತು. ಎರಡು ದಿನ ಯಾರ ಜೊತೆಗೂ ಮಾತಾಡದೆ ಯೋಚಿಸಿದೆ. ಹೆದರಿಕೆ ಎರಡೂ ಕಡೆ ಇತ್ತು, ಯಾವ ಹೆದರಿಕೆಯ ಜೊತೆ ನಾನು ಬಾಳಬಲ್ಲೆ ಎಂಬುದಷ್ಟೇ ಪ್ರಶ್ನೆ. ಎಂಬತ್ತರಲ್ಲಿ ಹೃದಯ ಕೈಕೊಡಬಹುದು ಎಂಬ ಹೆದರಿಕೆಯನ್ನು ತೂಗಿದೆ. ಪ್ರತಿ ಸ್ನಾನದಲ್ಲಿ ಆ ಅಂಚನ್ನು ಬೆರಳಿನಿಂದ ಒತ್ತಿ ನೋಡುವ ಹೆದರಿಕೆಯನ್ನೂ ತೂಗಿದೆ. ಎರಡನೆಯದು ನನ್ನಿಂದಾಗದು ಅನ್ನಿಸಿತು. ಇನ್ನೊಬ್ಬಳಿಗೆ ಇದೇ ವರದಿ ಬಂದರೆ ಅವಳು ಬೇಡ ಎನ್ನಬಹುದು. ಅನ್ನಲಿ, ಓದಿ ಅನ್ನಲಿ.

ಮೂರನೆಯ ದಿನ ಫೋನು ಮಾಡಿ "ಮಾಡಿಸಿಕೊಳ್ಳುತ್ತೇನೆ" ಎಂದೆ. ಆಮೇಲೆ ಗಂಡನಿಗೆ ಹೇಳಿದೆ. ಕೇಳಲಿಲ್ಲ, ಹೇಳಿದೆ.

ಹದಿನೈದು ದಿನ, ಶನಿವಾರ ಭಾನುವಾರ ಬಿಟ್ಟು. ತಣ್ಣಗಿನ ಕೋಣೆಯಲ್ಲಿ ಗಟ್ಟಿ ಹಲಗೆಯ ಮೇಲೆ ಎಡಗೈ ತಲೆಯ ಮೇಲೆತ್ತಿ ಮಲಗುವುದು. ಆ ಕೈ ಎತ್ತುವುದೇ ಮೊದಲ ವಾರದ ದೊಡ್ಡ ನೋವು. ಸ್ಪೀಕರಿನಲ್ಲಿ ಒಬ್ಬ ಹುಡುಗಿ "ಸಾಂಸ್ ಲೀಜಿಯೇ, ರೋಕಿಯೇ" ಎನ್ನುತ್ತಿದ್ದಳು. ನಾನು ಉಸಿರು ಹಿಡಿದು, 'ಹೃದಯವೇ, ಆಚೆ ಸರಿ' ಎಂದು ಮನಸ್ಸಿನಲ್ಲೇ ಗದರುತ್ತಿದ್ದೆ. ಹೊರಗೆ ಕಾಯುವ ಜಾಗದಲ್ಲಿ ಕುರ್ಚಿಗಳ ಮೇಲೆ ಹೆಂಗಸರು, ಪ್ರತಿಯೊಬ್ಬರ ಪಕ್ಕದಲ್ಲಿ ಒಬ್ಬ ಗಂಡಸು, ಗಂಡಸಿನ ತೊಡೆಯ ಮೇಲೆ ಫೈಲು. ನಿಮಗೆ ಯಾವ ಕಡೆ, ಯಾವ ಹಂತ ಎಂದು ಒಬ್ಬ ಹೆಂಗಸನ್ನು ತೆಲುಗಿನಲ್ಲಿ ಕೇಳಿದೆ. ಅವಳು ಗಂಡನ ಮುಖ ನೋಡಿದಳು. ನನ್ನ ಮೈ ಉರಿದುಹೋಯಿತು.

ಎರಡನೆಯ ವಾರದ ಕೊನೆಗೆ ಎದೆ ಕೆಂಪಾಯಿತು, ಮೂರನೆಯ ವಾರ ಕೆಳಗಿನ ಮಡಿಕೆಯಲ್ಲಿ ಚರ್ಮ ಕಿತ್ತು ಬಂತು. ಕುಪ್ಪಸ ತಾಗಿದರೆ ಜೀವ ಹೋಗುತ್ತಿತ್ತು, ಇವರ ಹಳೆಯ, ಮೆತ್ತನೆಯ ಮಲ್ ಬಟ್ಟೆಯ ಅಂಗಿ ಹಾಕಿಕೊಂಡು ಓಡಾಡಿದೆ. ಆಯಾಸ ಎಂದರೆ ಎಂಥದ್ದು ಎಂದು ಗೊತ್ತಾಯಿತು, ಸ್ನಾನ ಮಾಡಿ ಬಂದರೆ ಮತ್ತೆ ಮಲಗಬೇಕು. ಮೈದುನ ಬಂದವನು ಬಾಗಿಲಲ್ಲೇ, "ವೈನಿ, ನಾ ಮೊದಲs ಹೇಳಿದ್ದೆ" ಎಂದ. ಅವನಿಗೆ ಚಹಾ ಕೊಡಲಿಲ್ಲ. ಈ ಚಿಕಿತ್ಸೆಯಲ್ಲಿ ಅದೇ ದೊಡ್ಡ ಅನ್ಯಾಯ. ಆಗುವ ತೊಂದರೆ ಎಲ್ಲರ ಕಣ್ಣಿಗೆ ಕಾಣುತ್ತದೆ, ಕೆಂಪಗೆ, ಹಸಿಯಾಗಿ. ಆಗುವ ಲಾಭವೆಂದರೆ ಏನೋ ಒಂದು ಆಗದೇ ಇರುವುದು. ಅದನ್ನು ಯಾರಿಗೆ ತೋರಿಸುವುದು? ಇಂದಿಗೂ ಆ ಎದೆ ಇನ್ನೊಂದಕ್ಕಿಂತ ಗಟ್ಟಿ, ತಣ್ಣನೆಯ ದಿನಗಳಲ್ಲಿ ಪಕ್ಕೆ ನೋಯುತ್ತದೆ. ರೋಗ ಮರಳಿಲ್ಲ. ಕಿರಣದಿಂದ ಮರಳಲಿಲ್ಲವೋ, ಹೇಗೂ ಮರಳುತ್ತಿರಲಿಲ್ಲವೋ, ನನಗೆ ಎಂದಿಗೂ ತಿಳಿಯುವುದಿಲ್ಲ. ಡಾಕ್ಟರಿಗೂ ತಿಳಿಯುವುದಿಲ್ಲ. ಇದನ್ನು ಒಪ್ಪಿಕೊಂಡೇ ನಾನು ಹಲಗೆಯ ಮೇಲೆ ಮಲಗಿದ್ದು.

ಆ ಮೂರು ವಾರವೂ ಇವರು ನನ್ನ ಎದೆ ನೋಡಲಿಲ್ಲ, ನಾನು ತೋರಿಸಲಿಲ್ಲ. ಕೋಣೆಯ ಬಾಗಿಲು ಹಾಕಿಕೊಂಡು ಮುಲಾಮು ಹಚ್ಚಿಕೊಳ್ಳುತ್ತಿದ್ದೆ. ಅಡಿಗೆ ಇವರೇ ಮಾಡಿದರು. ರೊಟ್ಟಿ ಬರಲಿಲ್ಲ, ಅನ್ನ ಮುದ್ದೆಯಾಯಿತು, ನಾನು ಒಂದು ಮಾತು ಹೊಗಳಲಿಲ್ಲ. ದಿನವೂ ಆಸ್ಪತ್ರೆಯ ಗೇಟಿನವರೆಗೆ ಆಟೋದಲ್ಲಿ ಜೊತೆಗೆ ಬರುತ್ತಿದ್ದರು, ಅಲ್ಲಿಯೇ ಹೊರಗೆ ಬೆಂಚಿನ ಮೇಲೆ ಕೂರುತ್ತಿದ್ದರು. ಒಳಗೆ ಬರಲೇನು ಎಂದು ಕೇಳಲಿಲ್ಲ, ನಾನು ಕರೆಯಲಿಲ್ಲ.

ಚಿಕಿತ್ಸೆ ಮುಗಿದು ನಾಲ್ಕನೆಯ ದಿನದ ಮಧ್ಯಾಹ್ನ. ಕೆಳಗಿನ ಮಡಿಕೆಗೆ ಬಟ್ಟೆ ಅಂಟಿಕೊಂಡಿತ್ತು, ಒಂದೇ ಕೈಯಿಂದ ಬಿಡಿಸಲು ಆಗುತ್ತಿರಲಿಲ್ಲ. ನೋವಿಗೆ ಬಾಯಿಂದ ಸದ್ದು ಹೊರಟಿತೋ ಏನೋ, ಬಾಗಿಲ ಆಚೆ ಇವರು ಬಂದು ನಿಂತರು.

"ನಾ ಬಿಡಸ್ಲೇನು?"

ಮತ್ತೊಮ್ಮೆ ಕೇಳಿದರು. ಆ ಧ್ವನಿಯಲ್ಲಿ ಇಪ್ಪತ್ತು ವರ್ಷದ ಹುಡುಗ ಇದ್ದ ಎಂದು ಬರೆದರೆ ಚಂದ ಕಾಣುತ್ತದೆ. ನನಗೆ ಕೇಳಿದ್ದು ಎಪ್ಪತ್ತು ವರ್ಷದ ಮುದುಕನ ಧ್ವನಿ. ಚಿಲಕ ತೆಗೆದೆ.

ಅವರು ಬಿಸಿನೀರಿನಲ್ಲಿ ಹತ್ತಿ ಅದ್ದಿ, ಬಟ್ಟೆಯ ಅಂಚನ್ನು ತೋಯಿಸಿ ತೋಯಿಸಿ, ಒಂದೊಂದು ಎಳೆಯಾಗಿ ಬಿಡಿಸಿದರು. ಒಮ್ಮೆಯೂ ಎಳೆಯಲಿಲ್ಲ. ಆ ಕೆಲಸ ಅವರಿಗೆ ಬರುತ್ತಿತ್ತು. ಬಟ್ಟೆ ಬಿದ್ದ ಮೇಲೆ ನನ್ನ ಎದೆಯನ್ನು ನೋಡಿದರು. ಕೆಂಪು, ಹಸಿ, ಅಲ್ಲಲ್ಲಿ ಕಪ್ಪು. ಅವರ ಕಣ್ಣಲ್ಲಿ ನೀರು ತುಂಬಿತು. ನಾನು ಸೆರಗು ಎಳೆದುಕೊಳ್ಳಲಿಲ್ಲ. ಸಮಾಧಾನವನ್ನೂ ಹೇಳಲಿಲ್ಲ.

"ಭಾಳ ನೋಯ್ತೈತೇನು?" ಎಂದರು.

ಕಾಯಿಲೆ ಬಂದು ನಾಲ್ಕು ತಿಂಗಳಾಗಿತ್ತು. ನನಗೆ ಹೇಗಾಗುತ್ತಿದೆ ಎಂದು ಅವರು ನನ್ನನ್ನೇ ಕೇಳಿದ್ದು ಅದೇ ಮೊದಲು.

"ಕೂಡ್ರಿ," ಅಂದೆ. "ಹೇಳ್ತೀನಿ."